ಡೌನ್ ಲಕ್ಷಣಕೂಟದವರಲ್ಲಿ ಶ್ರವಣದೋಷ

ಮುಧೋಳ, ಜಮಖಂಡಿ, ಬೀಳಗಿಗಳ ಸೀಮೆಯಲ್ಲಿ ಸೋದರಸಂಬಂಧದ ವಿವಾಹ ಇಂದಿಗೂ ವಿರಳವಲ್ಲ. ಮಗು ಕಿವುಡಾಗಿಯೋ ಬುದ್ಧಿ ಬೆಳೆಯದೆಯೋ ಹುಟ್ಟಿದರೆ ಆ ಸಂಬಂಧದ ಮೇಲೆಯೇ ದೋಷವನ್ನು ಹೊರಿಸುವುದು ರೂಢಿ. ಜನ್ಮಜಾತ ಕಿವುಡಿನ ಒಂದು ಬಗೆಗೆ ಈ ಮಾತು ಒಪ್ಪುತ್ತದೆ. ತಾಯಿತಂದೆಯರಿಬ್ಬರಲ್ಲಿಯೂ ಅಡಗಿರುವ ದೋಷಯುಕ್ತ ಜೀನು ಮಗುವಿನಲ್ಲಿ ಜೋಡಿಗೂಡುವ ಸಂಭವ ಅಲ್ಲಿ ಹೆಚ್ಚು. ಡೌನ್ ಲಕ್ಷಣಕೂಟಕ್ಕೆ ಮಾತ್ರ ಅದು ಸಲ್ಲದು. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ವರ್ಣಿಸಿದ ಈ ಸ್ಥಿತಿಯಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆಂಬುದನ್ನು 1959ರಲ್ಲಿ ಲೆಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ಬಹುಮಟ್ಟಿಗೆ ಅಂಡಾಣು ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದಿರುವುದೇ ಇದಕ್ಕೆ ಮೂಲ. ತಾಯಿಯ ವಯಸ್ಸು ಏರಿದಂತೆ ಇದರ ಸಂಭವವೂ ಏರುತ್ತದೆ.

ಇವರ ಕಿವುಡೂ ಬೇರೆ ಬಗೆಯದು. ಒಳಗಿವಿಯ ದೋಷವೂ ಕೆಲವರಲ್ಲುಂಟು. ಆದರೆ ಬಾಲ್ಯದಲ್ಲಿ ಕಾಣುವುದು ಬಹುತೇಕ ಧ್ವನಿಯ ದಾರಿಗೆ ಬಂದ ಅಡ್ಡಿ. ಹೊರಗಿವಿಯ ನಾಳ ಕಿರಿದಾದುದರಿಂದ ಗುಗ್ಗೆ ಬೇಗ ಕಟ್ಟುತ್ತದೆ. ಮಧ್ಯಕರ್ಣವನ್ನು ಗಂಟಲಿಗೆ ಕೂಡಿಸುವ ಯೂಸ್ಟೇಚಿಯನ್ ನಾಳವೂ ಇಕ್ಕಟ್ಟು; ಅದನ್ನು ತೆರೆಯಬೇಕಾದ ಸ್ನಾಯು ಸಡಿಲ. ಗಾಳಿಯಾಡದ ಮಧ್ಯಕರ್ಣದಲ್ಲಿ ಅಂಟುದ್ರವ ತುಂಬುತ್ತದೆ. ಸೋಂಕಿಲ್ಲದಿದ್ದರೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಮಗು ಅಳುವುದೂ ಇಲ್ಲ.

ಇಂಥ ಕಿವಿಗೆ ಬಾಗಿಲ ಸದ್ದು ಮುಟ್ಟುತ್ತದೆ, ಹೆಸರು ಹಿಡಿದು ಕೂಗಿದರೆ ಮಗು ತಿರುಗಿ ನೋಡುತ್ತದೆ. ಆದುದರಿಂದಲೇ ಮನೆಯವರು ಕಿವಿಯನ್ನು ಸಂಶಯಿಸುವುದಿಲ್ಲ. ಮಾತಿನಲ್ಲಿ ಸ್ವರಗಳು ಬಲವಾದವು, ವ್ಯಂಜನಗಳಲ್ಲಿ ಹಲವು ಕ್ಷೀಣ. ಕಾಲು, ಸಾಲು, ಹಾಲು, ಪಾಲು ಎಂಬ ನಾಲ್ಕು ಮಾತುಗಳೂ ಅಂಥ ಮಗುವಿಗೆ ಒಂದೇ ಆಗಿ ಕೇಳಿಸಬಹುದು. ಭೇದವೇ ಕೇಳಿಸದ ಮಗು ಭೇದವನ್ನು ಉಚ್ಚರಿಸುವುದೆಂತು? ಅದರ ತಡವರಿಕೆಯನ್ನೆಲ್ಲ ಬುದ್ಧಿಮಾಂದ್ಯದ ಲೆಕ್ಕಕ್ಕೆ ಬರೆದು ಕೈಬಿಡುವುದು, ನನ್ನ ಅಭಿಪ್ರಾಯದಲ್ಲಿ, ಈ ಮಕ್ಕಳಿಗೆ ಎಸಗುವ ದೊಡ್ಡ ಅನ್ಯಾಯ. ಬುದ್ಧಿಯ ಮಿತಿಯನ್ನು ತಿದ್ದಲಾಗದು. ಕಿವಿಯ ಅಡ್ಡಿಯನ್ನು ಹೆಚ್ಚಾಗಿ ನಿವಾರಿಸಬಹುದು. ಗುಗ್ಗೆಯನ್ನು ತೆಗೆಯಿಸುವುದು, ದ್ರವ ಇಳಿಯದಿದ್ದಲ್ಲಿ ಕರ್ಣಪಟಲದಲ್ಲಿ ಸಣ್ಣ ಗಾಳಿನಳಿಕೆಯನ್ನು ಕೂಡಿಸುವುದು, ಇಲ್ಲವೆ ಶ್ರವಣಸಾಧನವನ್ನು ಒದಗಿಸುವುದು ರೂಢಿಯಲ್ಲಿರುವ ಕ್ರಮಗಳು.

ಉತ್ತರ ಹೇಳಲಾರದ ಕೂಸಿನ ಕಿವಿಯನ್ನೂ ಅಳೆಯಬಹುದು: ನಿದ್ರೆಯಲ್ಲಿರುವಾಗಲೇ ಧ್ವನಿಗೆ ಮಿದುಳುಕಾಂಡ ನೀಡುವ ವಿದ್ಯುತ್‌ಸ್ಪಂದನವನ್ನು ಯಂತ್ರ ದಾಖಲಿಸುತ್ತದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ. ಮುಧೋಳದ ಬಡ ಕುಟುಂಬಕ್ಕೆ ಮೈಸೂರು ಬಹುದೂರವೆಂಬುದೂ ನಿಜ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಲಕ್ಷಣಕೂಟವೂ ಶ್ರವಣದೋಷವೂ ಸೇರಿದ್ದು, ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆರಡು ಬಾರಿ ತಪಾಸಿಸಬೇಕೆಂಬ ನಿಯಮವಿದೆ. ದ್ರವ ಬಂದುಹೋಗುವಂಥದಾದುದರಿಂದ ಒಂದು ಪರೀಕ್ಷೆ ಸಾಲದು. ಎರಡೂ ಕಿವಿ ನೆಟ್ಟಗಿವೆಯೆಂದು ಬೇರೆಬೇರೆಯಾಗಿ ಖಚಿತವಾಗುವವರೆಗೆ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ವೈದ್ಯರ ಮತ.