ವಿಜಯನಗರದ ಯೋಧನ ಜೋಡು

ವಿಜಯನಗರದ ಹೆಸರನ್ನು ಕೇಳಿದೊಡನೆ ಕನ್ನಡಿಗನ ಎದೆಯಲ್ಲಿ ಅಭಿಮಾನವು ಉಕ್ಕುವುದು ಸಹಜವಾಗಿದೆ. ಆದರೆ 1336ರಿಂದ 1565ರ ಮಹಾಯುದ್ಧದವರೆಗೆ ಆ ರಾಜಧಾನಿಯನ್ನು ಕಾಯ್ದು ನಿಂತ ಯೋಧನು ಯಾವ ಉಡುಪಿನಲ್ಲಿ ರಣರಂಗಕ್ಕೆ ಇಳಿಯುತ್ತಿದ್ದನೆಂದು ಯಾರಾದರೂ ಕೇಳಿದರೆ, ಅಭಿಮಾನಿಗಳಾದ ನಾವು ಒಬ್ಬರ ಮುಖವನ್ನು ಒಬ್ಬರು ನೋಡಬೇಕಾಗುತ್ತದೆ. ನಾಟಕದ ರಂಗದ ಮೇಲೆ ಅವನು ತಗಡಿನ ಎದೆಹಲಗೆಯನ್ನು ಕಟ್ಟಿಕೊಂಡು ಬರುತ್ತಾನೆ. ಚಲನಚಿತ್ರದಲ್ಲಿ ರೋಮನ್ ದಂಡಾಳಿನ ಸೋದರನಂತೆ ಕಾಣುತ್ತಾನೆ. ಉತ್ಸವದ ಮೆರವಣಿಗೆಯಲ್ಲಿ ಹೊಳೆಯುವ ಪ್ಲಾಸ್ಟಿಕ್ಕಿನ ಶಿರಸ್ತ್ರಾಣವನ್ನು ಧರಿಸುತ್ತಾನೆ. ಮೂರೂ ಕಡೆ ಇವನೇ ಕೃಷ್ಣದೇವರಾಯನ ಭಟನೆಂದು ನಾವು ಚಪ್ಪಾಳೆ ತಟ್ಟುತ್ತೇವೆ.

ಇದು ಉಡುಪಿನವರ ಅಲ್ಪ ಪ್ರಮಾದ, ಇದಕ್ಕೆ ಇಷ್ಟು ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಇದು ಅಲ್ಪ ವಿಷಯವಲ್ಲವೆಂಬುದು ನಮ್ಮ ಅಭಿಪ್ರಾಯ. ಶಾಲೆಯ ಬಾಲಕನು ಪಠ್ಯಪುಸ್ತಕದ ಪುಟವನ್ನು ಮರೆಯುತ್ತಾನೆ. ಕಣ್ಣಾರೆ ಕಂಡ ವೇಷವನ್ನು ಮರೆಯುವುದಿಲ್ಲ. ಗತಕಾಲದ ವಿಷಯದಲ್ಲಿ ಸುಳ್ಳನ್ನು ಕಂಡು ಬೆಳೆದ ಜನಾಂಗದ ಅಭಿಮಾನವು ಮರಳಿನ ಮೇಲಣ ಕಟ್ಟಡದಂತಿರುತ್ತದೆ. ಆದುದರಿಂದ ಹಳೆಯ ಯೋಧನ ಜೋಡನ್ನು ಪ್ರಮಾಣಬದ್ಧವಾಗಿ ಮತ್ತೆ ನಿರ್ಮಿಸಲು ಸಾಧ್ಯವೇ, ಸಾಧ್ಯವಾದರೆ ಅದರ ಮಾರ್ಗ ಯಾವುದು ಎಂಬುದನ್ನು ಇಲ್ಲಿ ಸ್ವಲ್ಪಮಟ್ಟಿಗೆ ವಿಚಾರಿಸುತ್ತೇವೆ.

ಮೊದಲನೆಯ ಆಧಾರವು ಕಣ್ಣಾರೆ ಕಂಡವರ ಬರವಣಿಗೆ. ಕೃಷ್ಣದೇವರಾಯನು ಆಳುತ್ತಿದ್ದಾಗ, ಸುಮಾರು 1520ರಲ್ಲಿ, ಪೋರ್ತುಗೀಸರ ಡೊಮಿಂಗೊ ಪಾಯೆಸನು ರಾಜಧಾನಿಗೆ ಬಂದು ಮಹಾನವಮಿಯ ವೈಭವವನ್ನೂ ಅರಸನ ಸೈನ್ಯದರ್ಶನವನ್ನೂ ಕಂಡನು. ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನ್ಯೂನಿಜನು ಕೆಲವು ವರ್ಷಗಳ ತರುವಾಯ ಅದೇ ರಾಜ್ಯದ ಚರಿತ್ರೆಯನ್ನು ಬರೆದನು. ಪ್ಯಾರಿಸಿನ ಹಸ್ತಪ್ರತಿಯಲ್ಲಿ ಅಡಗಿದ್ದ ಈ ಎರಡು ವೃತ್ತಾಂತಗಳನ್ನು ಡೇವಿಡ್ ಲೋಪೆಸನು 1897ರಲ್ಲಿ ಮುದ್ರಿಸಿದನು. 1900ರಲ್ಲಿ ರಾಬರ್ಟ್ ಸೂಯೆಲ್ಲನು ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿದನು. ಪಾಯೆಸನು ಹೇಳುವಂತೆ ರಾವುತರ ಅಂಗಿಗಳು ಗಟ್ಟಿಯಾದ ಹಸಿ ತೊಗಲಿನ ಪದರುಗಳಿಂದ ಆದವು. ಅವುಗಳಿಗೆ ಬಲ ಬರುವಂತೆ ಕಬ್ಬಿಣದ ಹಲ್ಲೆಗಳನ್ನು ಸೇರಿಸಿದ್ದರು. ಕೆಲವರ ಹಲ್ಲೆಗಳಿಗೆ ಒಳಗೂ ಹೊರಗೂ ಚಿನ್ನದ ಲೇಪವಿದ್ದಿತು. ಕೆಲವು ಬೆಳ್ಳಿಯವೇ ಆಗಿದ್ದವು. ತಲೆಯ ಮೇಲಣ ಸೀಸಕದ ಅಂಚು ಕುತ್ತಿಗೆಯನ್ನು ಮುಚ್ಚುತ್ತಿದ್ದಿತು. ಕುದುರೆಗಳ ಹಣೆಗೂ ಹಲ್ಲೆಗಳನ್ನು ಕಟ್ಟಿದ್ದರು.

1520ರ ರಾಯಚೂರಿನ ದಂಡಯಾತ್ರೆಯನ್ನು ವರ್ಣಿಸುವ ನ್ಯೂನಿಜನು ಇನ್ನೊಂದು ಮಹತ್ವದ ಸಂಗತಿಯನ್ನು ತಿಳಿಸುತ್ತಾನೆ. ಬಿಲ್ಲಾಳುಗಳೂ ಬಂದೂಕಿನವರೂ ಹತ್ತಿ ತುಂಬಿ ಹೊಲಿದ ಅಂಗಿಗಳನ್ನು ತೊಟ್ಟಿದ್ದರು. ರಾವುತರ ತಲೆಯ ಮೇಲೂ ಹತ್ತಿ ತುಂಬಿ ಹೊಲಿದ ಟೊಪ್ಪಿಗೆಗಳೇ ಇದ್ದವು. ಗುರಾಣಿಯವರಿಗಾದರೋ ಮೈಜೋಡಿನ ಅಗತ್ಯವೇ ಇರಲಿಲ್ಲ. ಗುರಾಣಿಗಳು ಇಡೀ ಮೈಯನ್ನು ಮರೆಮಾಡುವಷ್ಟು ದೊಡ್ಡವಾಗಿದ್ದವು. ಆನೆಗಳನ್ನು ಪೂರ್ಣವಾಗಿ ಹೊದಿಸಿ, ದಂತಗಳಿಗೆ ಮಸೆದ ಅಲಗುಗಳನ್ನು ಕಟ್ಟಿದ್ದರು.

ಎರಡನೆಯ ಆಧಾರವು ಶಿಲೆ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆಗಳು, ಕುದುರೆಗಳು, ಕಾಲಾಳುಗಳು ಸಾಲುಸಾಲಾಗಿ ನಡೆಯುತ್ತವೆ. ಮಹಾನವಮಿ ದಿಬ್ಬದ ಮೇಲೂ ಅಂತಹ ಕೆತ್ತನೆಗಳಿವೆ. ನಾಡಿನ ತುಂಬ ಹರಡಿರುವ ವೀರಗಲ್ಲುಗಳಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಇವುಗಳಲ್ಲಿ ಅನೇಕ ವೀರರು ಬರಿಮೈಯವರಾಗಿ ಕಾಣುತ್ತಾರೆ. ಇದನ್ನು ಕಂಡು ನಮ್ಮ ಪೂರ್ವಿಕರು ಜೋಡನ್ನು ಅರಿಯರೆಂದು ಕೆಲವರು ತೀರ್ಮಾನಿಸಿದರೆ, ಶಿಲ್ಪಿಯು ದೇವತೆಗಳಂತೆ ವೀರರನ್ನೂ ಬರಿಮೈಯಲ್ಲಿ ಕಡೆಯುವ ಸಂಪ್ರದಾಯಕ್ಕೆ ಕಟ್ಟುಬಿದ್ದವನಾದ್ದರಿಂದ ಅವನ ಸಾಕ್ಷ್ಯಕ್ಕೆ ಬೆಲೆಯಿಲ್ಲವೆಂದು ಬೇರೆ ಕೆಲವರು ತಳ್ಳಿಹಾಕುತ್ತಾರೆ. ಎರಡೂ ಅವಸರದ ಮಾತುಗಳು. ಗುರಾಣಿಯವನಿಗೆ ಮೈಜೋಡು ಬೇಡವಾಗಿತ್ತೆಂಬ ನ್ಯೂನಿಜನ ಮಾತನ್ನು ಪಕ್ಕದಲ್ಲಿಟ್ಟು ನೋಡಿದರೆ, ಬರಿಮೈಯ ಕಾಲಾಳೂ ಸತ್ಯವಾಗಿರಬಹುದು, ಜೋಡು ತೊಟ್ಟ ರಾವುತನೂ ಸತ್ಯವಾಗಿರಬಹುದು ಎಂದು ತಿಳಿಯುತ್ತದೆ. ಸೈನ್ಯಕ್ಕೆಲ್ಲ ಒಂದೇ ಸಮವಸ್ತ್ರವಿದ್ದಿತೆಂಬ ನಮ್ಮ ಇಂದಿನ ಕಲ್ಪನೆಯೇ ಇಲ್ಲಿಯ ತಪ್ಪು. ಒಂದೊಂದು ಬಗೆಯ ಆಳಿಗೆ ಒಂದೊಂದು ಬಗೆಯ ರಕ್ಷಣೆಯಿದ್ದಿತು.

ಮೂರನೆಯ ಆಧಾರ ಭಾಷೆ. ಜೋಡು, ಸೀಸಕ, ಬಾಹುರಕ್ಕೆ, ಕುದುರೆಯ ಹಕ್ಕರಿಕೆ, ಆನೆಯ ಗುಳ ಮುಂತಾದ ಶಬ್ದಗಳು ನಮ್ಮ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಬರುತ್ತವೆ. ಭಾರತದ ಕಥೆಯನ್ನು ಹೇಳುವ ಕವಿಯು ಭೀಮಾರ್ಜುನರಿಗೆ ತನ್ನ ಕಾಲದ ಭಟರ ಉಡುಪನ್ನೇ ತೊಡಿಸುವುದುಂಟು. ಪುರಾಣದ ದೃಷ್ಟಿಯಿಂದ ಅದು ಕಾಲವ್ಯತ್ಯಾಸವಾದರೂ ಚರಿತ್ರಕಾರನ ದೃಷ್ಟಿಯಿಂದ ಅದು ದೊರೆತ ನಿಧಿ. ಆದರೆ ಕವಿಯು ವಸ್ತುವಿನ ಹೆಸರನ್ನು ಹೇಳುತ್ತಾನೆಯೇ ಹೊರತು ಅದರ ಅಳತೆಯನ್ನು ಕೊಡುವುದಿಲ್ಲ. ಆದುದರಿಂದ ಶಬ್ದವನ್ನು ಕಲ್ಲಿನೊಡನೆಯೂ, ಕಲ್ಲನ್ನು ಕಣ್ಣಾರೆ ಕಂಡವನ ಮಾತಿನೊಡನೆಯೂ ಹೊಂದಿಸಿ ನೋಡಬೇಕು.

ನಾಲ್ಕನೆಯದು ಉಳಿದು ಬಂದಿರುವ ವಸ್ತುಗಳು. ಇಲ್ಲಿ ನಮ್ಮ ದಾರಿದ್ರ್ಯವು ಎದ್ದು ಕಾಣುತ್ತದೆ. ಹತ್ತಿಯೂ ತೊಗಲೂ ನಮ್ಮ ಹವೆಯಲ್ಲಿ ಶತಮಾನಗಳ ಕಾಲ ಬಾಳುವುದು ಕಷ್ಟ. ಕಬ್ಬಿಣವು ತುಕ್ಕಿಗೆ ಆಹುತಿಯಾಗುತ್ತದೆ. ಉಳಿದದ್ದೂ ಗೆದ್ದವರ ಕೈಸೇರಿತು. ಒಮ್ಮೆ ವಿಜಯನಗರಕ್ಕೂ ಬಳಿಕ ಬಿಜಾಪುರಕ್ಕೂ ಸೇರಿದ್ದ ಆದವಾನಿಯ ಕೋಟೆಯು 17ನೆಯ ಶತಮಾನದ ಕೊನೆಯಲ್ಲಿ ಮೊಗಲರ ವಶವಾದಾಗ, ಬಿಕಾನೇರದ ರಾಜನಾದ ಅನೂಪಸಿಂಹನು ಅಲ್ಲಿಯ ಆಯುಧಗಳನ್ನೂ ಜೋಡುಗಳನ್ನೂ ತನ್ನ ಊರಿಗೆ ಸಾಗಿಸಿದನು. ಆದವಾನಿಯಿಂದ ಬಂದುವೆಂದು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಅವುಗಳಲ್ಲಿ ಕೆಲವುಗಳ ಮೇಲೆ ಇವೆ. ತಂಜಾವೂರಿನ ಅರಮನೆಯ ಆಯುಧಶಾಲೆಯು 19ನೆಯ ಶತಮಾನದಲ್ಲಿ ಚದುರಿಹೋಗಿ, ಅದರ ಒಂದು ಭಾಗವು ಮದ್ರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು.

ಇಂಗ್ಲೆಂಡಿನ ಲೀಡ್ಸ್ ನಗರದ ರಾಜಕೀಯ ಆಯುಧಶಾಲೆಯಲ್ಲಿರುವ ಆನೆಯ ಜೋಡು ಈ ಸಂದರ್ಭದಲ್ಲಿ ಸ್ಮರಣೀಯವಾಗಿದೆ. ಅದು ಸುಮಾರು 1600ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಆದುದು. ಮದ್ರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಪತ್ನಿಯು 1801ರಲ್ಲಿ ಅದನ್ನು ತನ್ನ ದೇಶಕ್ಕೆ ಒಯ್ದಳು. ಅದರ 8 ಭಾಗಗಳಲ್ಲಿ 6 ಮಾತ್ರ ಉಳಿದಿವೆ. ಉಳಿದವುಗಳಲ್ಲಿ 5,840 ಹಲ್ಲೆಗಳಿದ್ದು ತೂಕವು 118 ಕಿಲೋಗ್ರಾಂ ಆಗುತ್ತದೆ. ಇವುಗಳ ಆಧಾರದ ಮೇಲೆ ಪೂರ್ಣ ಜೋಡಿನಲ್ಲಿ 8,439 ಹಲ್ಲೆಗಳೂ 159 ಕಿಲೋಗ್ರಾಂ ತೂಕವೂ ಇದ್ದಿರಬೇಕೆಂದು ಅಲ್ಲಿಯವರು ಗುಣಿಸಿದ್ದಾರೆ. ನಮ್ಮ ದೇಶದ ಆನೆಯ ಗುಳವನ್ನು ಎಣಿಸಿ ತೂಗಿ ನೋಡಬೇಕಾದರೆ ಸಮುದ್ರವನ್ನು ದಾಟಬೇಕಾಗಿರುವುದು ವಿಷಾದದ ಸಂಗತಿ. ಆದರೆ ಎಣಿಸುವ ತೂಗುವ ಆ ಶ್ರದ್ಧೆಯನ್ನು ಮೆಚ್ಚದಿರುವುದೂ ನ್ಯಾಯವಲ್ಲ.

ಆ ಶ್ರದ್ಧೆಗೆ ಯೂರೋಪಿನಲ್ಲಿ ದೊಡ್ಡ ನಿದರ್ಶನವೊಂದಿದೆ. 1361ರ ಜುಲೈಯಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರನು ಬಾಲ್ಟಿಕ್ ಸಮುದ್ರದ ಗಾಟ್ಲೆಂಡ್ ದ್ವೀಪಕ್ಕೆ ದಂಡೆತ್ತಿ ಬಂದಾಗ, ವಿಸ್ಬಿ ನಗರದ ಗೋಡೆಗಳ ಹೊರಗೆ ಅಲ್ಲಿಯ ರೈತರು ಹೋರಾಡಿ ಮಡಿದರು. ಬೇಸಗೆಯ ಸೆಕೆಯಲ್ಲಿ ಹೆಣಗಳ ಮೈಮೇಲಿನ ಜೋಡುಗಳನ್ನು ಬಿಚ್ಚುವಷ್ಟು ವ್ಯವಧಾನವೂ ಇಲ್ಲದೆ ಗುಂಡಿಗಳಲ್ಲಿ ಹೂಳಿದರೆಂದು ವಿದ್ವಾಂಸರು ಊಹಿಸುತ್ತಾರೆ. 1905ರಿಂದ ಮೊದಲಾದ ಅಗೆತದಲ್ಲಿ 1,100ಕ್ಕೂ ಹೆಚ್ಚು ಜನರ ಎಲುಬುಗಳೂ, ಅವುಗಳೊಡನೆ ಬಟ್ಟೆಯ ಅಥವಾ ತೊಗಲಿನ ಒಳಗೆ ಕಬ್ಬಿಣದ ಹಲ್ಲೆಗಳನ್ನು ಮೊಳೆ ಹೊಡೆದು ಕೂರಿಸಿದ ಜೋಡುಗಳೂ ದೊರೆತವು. ಬೆಂಗ್ಟ್ ಥೋರ್ಡೆಮಾನನು 1939–40ರಲ್ಲಿ ಎರಡು ಸಂಪುಟಗಳಲ್ಲಿ ಇದೆಲ್ಲವನ್ನೂ ವಿವರಿಸಿದನು. ಬಟ್ಟೆಯು ಕೊಳೆತುಹೋಗಿದ್ದರೂ ಹಲ್ಲೆಗಳು ಬಿದ್ದಿದ್ದ ಕ್ರಮದಿಂದಲೂ ಮೊಳೆಗಳ ಜಾಗದಿಂದಲೂ ಅಂಗಿಯ ಆಕಾರವನ್ನು ಕಂಡುಹಿಡಿದರು. ಇಂದು ಯೂರೋಪಿನ ಕಮ್ಮಾರನು ಅಂತಹ ಜೋಡನ್ನು ಮಾಡುವಾಗ ಊಹೆಯನ್ನಲ್ಲ, ಆ ಗ್ರಂಥದ ರೇಖಾಚಿತ್ರಗಳನ್ನು ಮುಂದಿಟ್ಟುಕೊಳ್ಳುತ್ತಾನೆ.

ಆಧಾರಗಳು ದೊರೆತ ಮೇಲೆ ಕೈಕೆಲಸದ ಪರೀಕ್ಷೆ ಬರುತ್ತದೆ. ಇಂದಿನ ಕಾರ್ಖಾನೆಯ ಉಕ್ಕಿನ ತಗಡು ಎಲ್ಲೆಡೆ ಒಂದೇ ದಪ್ಪ, ಒಂದೇ ಗುಣ. ಹಿಂದಿನ ಕಬ್ಬಿಣವು ಹಾಗಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಇಲ್ಲಿಯ ಕಬ್ಬಿಣದ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಅದಿರನ್ನು ಇದ್ದಲಿನೊಡನೆ ತಿದಿಯೊತ್ತಿ ಕಾಯಿಸಿ ತೆಗೆದ ಮುದ್ದೆಯನ್ನು ಬಡಿದು ಬಡಿದು ಕಿಟ್ಟವನ್ನು ಹೊರದೂಡಬೇಕಾಗಿತ್ತು. ಆದರೂ ಸ್ವಲ್ಪ ಕಿಟ್ಟವು ಒಳಗೇ ಉಳಿಯುತ್ತಿತ್ತು. ಅಂತಹ ಕಬ್ಬಿಣದ ಹಲ್ಲೆಯು ಪೆಟ್ಟಿಗೆ ಹೇಗೆ ಬಾಗುವುದು, ಎಲ್ಲಿ ಬಿರಿಯುವುದು ಎಂಬುದು ಕಾರ್ಖಾನೆಯ ತಗಡಿನಿಂದ ತಿಳಿಯದು. ಬಳೆಗಳನ್ನು ಹೆಣೆದ ಜೋಡಿನ ವಿಷಯವೂ ಹೀಗೆಯೇ. ನಾಟಕದ ಜೋಡಿನಲ್ಲಿ ಬಳೆಯ ತುದಿಗಳನ್ನು ಬರಿದೇ ಕೂಡಿಸಿಬಿಡುತ್ತಾರೆ. ಈಟಿಯ ಮೊನೆ ತಗುಲಿದರೆ ಅವು ಬಾಯಿಬಿಡುತ್ತವೆ. ಗಟ್ಟಿಯಾದ ಹಳೆಯ ಜೋಡಿನಲ್ಲಿ ತುದಿಗಳನ್ನು ಚಪ್ಪಟೆಮಾಡಿ, ಒಂದರ ಮೇಲೊಂದಿಟ್ಟು, ತೂತು ಕೊರೆದು, ಸಣ್ಣ ಮೊಳೆಯಿಂದ ಬಿಗಿದಿರುತ್ತಾರೆ. ಒಂದು ಅಂಗಿಗೆ ಸಾವಿರಾರು ಬಳೆಗಳು ಬೇಕೆಂಬುದನ್ನು ನೆನೆದರೆ, ಜೋಡು ಏಕೆ ಸಿರಿವಂತರ ಸೊತ್ತಾಗಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಾಡಿದ ಜೋಡನ್ನು ತೊಟ್ಟು ನಡೆದಾಗ ಮಾತ್ರ ತಿಳಿಯುವ ಸತ್ಯಗಳೂ ಇವೆ. 2011ರಲ್ಲಿ ಪ್ರಕಟವಾದ ಲೀಡ್ಸ್ ವಿಶ್ವವಿದ್ಯಾನಿಲಯದ ಪ್ರಯೋಗದಲ್ಲಿ, ಯೂರೋಪಿನ 15ನೆಯ ಶತಮಾನದ ಮಾದರಿಯ ಪೂರ್ಣ ಜೋಡನ್ನು ತೊಟ್ಟವರು ನಡೆಯುವಾಗ ವ್ಯಯಿಸುವ ಶಕ್ತಿಯು ಬರಿಮೈಯಲ್ಲಿ ನಡೆಯುವುದರ ಎರಡು ಪಟ್ಟಿಗಿಂತ ಹೆಚ್ಚೆಂದು ಕಂಡುಬಂದಿತು. ಶೀತದೇಶದಲ್ಲಿಯೇ ಹೀಗಿದ್ದರೆ, ರಾಯಚೂರಿನ ಬಿಸಿಲಿನಲ್ಲಿ ಆಪಾದಮಸ್ತಕ ಕಬ್ಬಿಣವನ್ನು ತೊಟ್ಟವನ ಗತಿಯೇನು? ಹತ್ತಿ, ತೊಗಲು, ಅಲ್ಲಲ್ಲಿ ಮಾತ್ರ ಕಬ್ಬಿಣ ಎಂಬ ಸಂಯೋಜನೆಯನ್ನು ಹಿಂದುಳಿದವರ ಕೊರತೆಯೆಂದು ಕಾಣುವವರು ಈ ಲೆಕ್ಕವನ್ನು ಗಮನಿಸಬೇಕು. ದೇಶದ ಹವೆಯನ್ನು ಬಲ್ಲವರ ವಿವೇಕವೂ ಅದರಲ್ಲಿ ಇದ್ದಿರಬಹುದು.

ಇನ್ನು ಅಭಿಮಾನಿಗಳಿಗೆ ಕಹಿಯಾಗಬಹುದಾದ ಮಾತೊಂದನ್ನು ಹೇಳಬೇಕಾಗಿದೆ. ಪ್ರಮಾಣಗಳನ್ನು ಅನುಸರಿಸಿ ನಿರ್ಮಿಸಿದ ವಿಜಯನಗರದ ಯೋಧನು ಶುದ್ಧ ಸ್ವದೇಶಿಯಾಗಿ ಕಾಣಲಾರನು. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೂ, ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ಶ್ರೀಮಂತರ ತಲೆಯ ಮೇಲೂ ಕಾಣುವ ಎತ್ತರದ ಟೊಪ್ಪಿಗೆಯ ಹೆಸರು ಕುಳ್ಳಾಯಿ. ಅದು ಪಾರಸಿಯ ಕುಲಾಹ್ ಶಬ್ದದಿಂದ ಬಂದುದು. ನಮ್ಮ ಮನೆಗಳಲ್ಲಿ ಕೂಸಿನ ತಲೆಗೆ ಹಾಕುವ ಕುಲಾವಿಯೂ ಆ ವಂಶದ ಶಬ್ದವೇ. ರಾಯರ ಒಳ್ಳೆಯ ಕುದುರೆಗಳು ಸಮುದ್ರದ ಆಚೆಯಿಂದ ಬರುತ್ತಿದ್ದವು. ಇಮ್ಮಡಿ ದೇವರಾಯನು ತುರುಕ ಬಿಲ್ಲಾಳುಗಳನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡನು. ಅವನ ಸೇವೆಯಲ್ಲಿದ್ದ ಅಹಮ್ಮದಖಾನನು 1439ರಲ್ಲಿ ಕಟ್ಟಿಸಿದ ಧರ್ಮಶಾಲೆಯ ಶಾಸನವು ಹಂಪೆಯಲ್ಲಿ ಇಂದಿಗೂ ಇದೆ. ಇದರಿಂದ ನಮ್ಮ ಗೌರವಕ್ಕೆ ಕುಂದು ಬರುವುದೆಂದು ನಾವು ಭಾವಿಸುವುದಿಲ್ಲ. ಎದುರಾಳಿಯ ಕೈಯಲ್ಲಿ ಒಳ್ಳೆಯದನ್ನು ಕಂಡು ಅದನ್ನು ಕಲಿತು ಅರಗಿಸಿಕೊಂಡ ರಾಜ್ಯವು ದುರ್ಬಲವಾದುದಲ್ಲ. ಸತ್ಯವನ್ನು ಮರೆಮಾಚಿ ಅವನ ತಲೆಯಿಂದ ಕುಳ್ಳಾಯಿಯನ್ನು ಕಿತ್ತು ತಗಡಿನ ಕಿರೀಟವನ್ನು ಇಡುವುದೇ ಅವನಿಗೆ ಮಾಡುವ ಅವಮಾನ.

ಆದುದರಿಂದ ಮಾಡಬೇಕಾದುದೇನು? ನಮ್ಮ ವಿಶ್ವವಿದ್ಯಾನಿಲಯಗಳೂ ಪುರಾತತ್ವ ಶಾಖೆಯೂ ವಸ್ತುಸಂಗ್ರಹಾಲಯಗಳೂ ಕೂಡಿ ಹಂಪೆಯ ಕೆತ್ತನೆಗಳಲ್ಲಿರುವ ಪ್ರತಿಯೊಬ್ಬ ಭಟನ ಉಡುಪನ್ನೂ ಪಟ್ಟಿಮಾಡಲಿ. ಬಿಕಾನೇರ, ಚೆನ್ನೈ, ಲೀಡ್ಸ್ ಮುಂತಾದೆಡೆಗಳಲ್ಲಿರುವ ವಸ್ತುಗಳ ಅಳತೆ ತೂಕಗಳನ್ನು ತರಿಸಿಕೊಳ್ಳಲಿ. ಆಮೇಲೆ ಪಂಡಿತರು ಕೈಕೆಲಸದವರ ಬಳಿಗೆ ಹೋಗಬೇಕು. ಹತ್ತಿಯನ್ನು ಪದರು ಪದರಾಗಿ ಹೊಲಿಯುವ ವಿದ್ಯೆಯು ಉತ್ತರ ಕರ್ನಾಟಕದ ಕೌದಿ ಹೊಲಿಯುವ ತಾಯಂದಿರ ಬೆರಳುಗಳಲ್ಲಿದೆ; ತೊಗಲಿನ ಗುಣವನ್ನು ಚರ್ಮದ ಕೆಲಸದವರು ಬಲ್ಲರು; ಕಬ್ಬಿಣದ ಮರ್ಮವನ್ನು ಕಮ್ಮಾರನು ಬಲ್ಲನು. ಪುಸ್ತಕದಲ್ಲಿ ಬಗೆಹರಿಯದ ಸಂಶಯವು ಇವರ ಅಂಗಳದಲ್ಲಿ ಬಗೆಹರಿಯಬಹುದು. ಹೀಗೆ ಸಿದ್ಧವಾದ ಜೋಡಿನ ಪಕ್ಕದಲ್ಲಿ ಯಾವುದು ಪ್ರಮಾಣಸಿದ್ಧ, ಯಾವುದು ಸಂಭವನೀಯ, ಯಾವುದು ಕೇವಲ ಊಹೆ ಎಂದು ಬರೆದಿಡುವ ಪ್ರಾಮಾಣಿಕತೆಯೂ ಅವಶ್ಯಕ. ಈ ಮೂರು ಸಾಲುಗಳಿಲ್ಲದಿದ್ದರೆ ಎಷ್ಟೇ ಅಂದವಾದ ಜೋಡಾದರೂ ಅದು ಮತ್ತೊಂದು ನಾಟಕದ ವೇಷವೇ ಸರಿ.

ಪ್ರತಿವರ್ಷ ಉತ್ಸವದ ಮೆರವಣಿಗೆಗಳಿಗೆ ಸಾರ್ವಜನಿಕರ ಹಣವು ವೆಚ್ಚವಾಗುತ್ತಿದೆ. ಅದರಲ್ಲಿ ಅಲ್ಪಾಂಶವನ್ನು ಈ ಕಾರ್ಯಕ್ಕೆ ಮೀಸಲಿಟ್ಟರೂ ಕೆಲವೇ ವರ್ಷಗಳಲ್ಲಿ ಒಬ್ಬ ರಾವುತ, ಒಬ್ಬ ಬಿಲ್ಲಾಳು, ಒಬ್ಬ ಗುರಾಣಿಯವ ನಮ್ಮ ಮಕ್ಕಳ ಮುಂದೆ ನಿಜವಾದ ರೂಪದಲ್ಲಿ ನಿಂತಾರು. ನೂರು ಮಂದಿ ತಗಡಿನ ಭಟರಿಗಿಂತ ಈ ಮೂವರು ನಾಡಿಗೆ ಹೆಚ್ಚು ಉಪಕಾರವನ್ನು ಮಾಡುವರೆಂದು ನಮ್ಮ ನಂಬಿಕೆ.