ಹೆಣ್ಣುಮಕ್ಕಳೂ ಛಾಯಾಗ್ರಹಣದ ಉದ್ಯೋಗವೂ

ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಜರುಗಿದ ಒಂದು ಮದುವೆಗೆ ನಾವು ಈಚೆಗೆ ಹೋಗಿದ್ದೆವು. ಪೇಟೆಯಿಂದ ಬಂದ ಛಾಯಾಗ್ರಾಹಕನು ಕ್ಯಾಮೆರಾ ಎತ್ತಿದೊಡನೆ ವಧುವಿನ ಅಜ್ಜಿಯು ಸೆರಗನ್ನು ಮುಖದ ಮೇಲೆಳೆದುಕೊಂಡು ಗೋಡೆಯ ಕಡೆಗೆ ತಿರುಗಿದಳು. ತುಸು ಹೊತ್ತಿನ ಮೇಲೆ ಮೊಮ್ಮಗಳೊಬ್ಬಳು ಮೊಬೈಲು ಹಿಡಿದು ಬಂದಾಗ ಅದೇ ಅಜ್ಜಿಯು ಬಾಯಿತುಂಬ ನಕ್ಕಳು. ಆದರೆ ಹುಡುಗಿಯು ಅವಳನ್ನು ಬಾಗಿಲ ಬೆಳಕಿಗೆ ಬೆನ್ನುಮಾಡಿ ಕೂಡ್ರಿಸಿದ್ದರಿಂದ ಚಿತ್ರದಲ್ಲಿ ಮುಖವೆಲ್ಲ ಕಪ್ಪಾಯಿತು. ವಿದ್ಯೆಯಿದ್ದವನಿಗೆ ಪ್ರವೇಶವಿಲ್ಲ, ಪ್ರವೇಶವಿದ್ದವಳಿಗೆ ವಿದ್ಯೆಯಿಲ್ಲ. ಈ ಕೊರತೆಯನ್ನು ತುಂಬುವ ಬಗೆ ಯಾವುದೆಂಬದೇ ನಮ್ಮ ಇಂದಿನ ವಿಚಾರ.

ಪ್ರಶ್ನೆಯು ಹೊಸದಲ್ಲ. ರಾಜಾ ದೀನದಯಾಳರು 1892ರಲ್ಲಿ ಹೈದರಾಬಾದದಲ್ಲಿ ಅಂತಃಪುರದ ಸ್ತ್ರೀಯರಿಗಾಗಿ ಪ್ರತ್ಯೇಕ ಚಿತ್ರಶಾಲೆಯನ್ನು ತೆರೆದು ಅದನ್ನು ಒಬ್ಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟರು. ಮುಂದೆ ಕಲಕತ್ತೆಯ ಅನ್ನಪೂರ್ಣಾ ದತ್ತರು ಇದೇ ಉದ್ಯೋಗದಿಂದ ಸಂಸಾರ ಸಾಗಿಸಿದರು.

1913ರಲ್ಲಿ ನವಸಾರಿಯಲ್ಲಿ ಜನಿಸಿದ ಹೋಮಾಯಿ ವ್ಯಾರಾವಾಲಾ ಅವರ ಚರಿತ್ರವು ಇನ್ನೂ ಬೋಧಪ್ರದವಾದದ್ದು. ಮುಂದೆ ಪತಿಯಾದ ಮಾಣೆಕ್‌ಷಾ ಅವರಿಂದ ಅವರು ಕ್ಯಾಮೆರಾ ಹಿಡಿಯಲು ಕಲಿತರು; ಆರಂಭದ ಅವರ ಚಿತ್ರಗಳು ಪತಿಯ ಹೆಸರಿನಲ್ಲಿಯೇ ಅಚ್ಚಾದವು. ಸೀರೆಯುಟ್ಟು, ಸಾಮಾನು ಹೊತ್ತು, ಸೈಕಲ್ಲಿನ ಮೇಲೆ ದಿಲ್ಲಿಯನ್ನು ತಿರುಗಿದರು. 1947ರ ಆಗಸ್ಟ್ 16ರಂದು ಕೆಂಪುಕೋಟೆಯ ಮೇಲೆ ಏರಿದ ನಮ್ಮ ಧ್ವಜವನ್ನೂ ಮರುವರ್ಷ ಮಹಾತ್ಮರ ಅಂತ್ಯಯಾತ್ರೆಯನ್ನೂ ರಾಷ್ಟ್ರಕ್ಕೆ ಕಾಯ್ದುಕೊಟ್ಟವರಲ್ಲಿ ಅವರೊಬ್ಬರು. 2011ರಲ್ಲಿ ಪದ್ಮವಿಭೂಷಣವನ್ನು ಪಡೆದು 2012ರಲ್ಲಿ ಅವರು ನಿಧನ ಹೊಂದಿದರು.

ವಿದ್ಯೆಗೆ ಗಂಡು ಹೆಣ್ಣೆಂಬ ಭೇದವೆಲ್ಲಿಯದು, ಯಾರು ಕಲಿಸಿದರೇನು ಎಂದು ಕೆಲವರು ಆಕ್ಷೇಪಿಸಬಹುದು. ಹೋಮಾಯಿಯವರೂ ಪುರುಷನಿಂದಲೇ ಕಲಿತರೆಂಬದು ದಿಟ. ಬೆಳಕು, ದೂರ, ಕ್ಷಣ ಇವುಗಳ ಲೆಕ್ಕವನ್ನು ಯಾರಾದರೂ ಕಲಿಸಬಲ್ಲರು. ಆದರೆ ಗಂಡಸರ ನೂಕುನುಗ್ಗಲಲ್ಲಿ ತನ್ನ ಸ್ಥಳವನ್ನು ಬಿಡದೆ ನಿಲ್ಲುವದು, ರಾತ್ರಿಯ ವರಾತದಿಂದ ಸುರಕ್ಷಿತವಾಗಿ ಮನೆ ಸೇರುವದು, ಸಂಕೋಚಪಡದೆ ಕೂಲಿಯನ್ನು ಕೇಳುವದು, ಚಿತ್ರದ ಕೆಳಗೆ ಸ್ವಂತ ಹೆಸರೇ ಬೀಳುವಂತೆ ಹಟ ಹಿಡಿಯುವದು, ಇವು ಆ ಹಾದಿಯಲ್ಲಿ ನಡೆದವಳಿಂದಲೇ ಕಲಿಯತಕ್ಕ ಪಾಠಗಳು. ಮೇಲಾಗಿ, ಪರಸ್ಥಳದ ಅಂಗಡಿಗೆ ಮಗಳನ್ನು ಕಲಿಯಲು ಕಳಿಸಲೊಪ್ಪದ ತಂದೆಯು ಗುರುವು ಹೆಣ್ಣುಮಗಳೆಂದರೆ ಮನಸ್ಸು ಮಾಡುವನು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ತರುಣರಿಗೆ ಛಾಯಾಗ್ರಹಣವನ್ನೂ ಕಲಿಸುತ್ತ ಬಂದಿದೆ. ಆ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗಳಲ್ಲಿವೆ. ಇದರಿಂದಲೇ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳನ್ನು ಅಧಿಕಾರಿಗಳು ಅಲ್ಲಿಗೆ ಗುರುಗಳಾಗಿ ಕರೆಸಲಿ. ಯೋಗ್ಯ ಸಂಭಾವನೆ ಕೊಡಲಿ. ಮುಧೋಳ, ಜಮಖಂಡಿ, ಬೀಳಗಿಯ ಹಳ್ಳಿಗಳಿಗೂ ಅವರ ಪಾಠ ಮುಟ್ಟಲಿ. ಮಹಿಳಾ ಸಂಘಗಳು ಒಂದು ಕ್ಯಾಮೆರಾವನ್ನು ಕೂಡಿ ಕೊಂಡರೂ ನಾಲ್ಕು ಮನೆಗಳಿಗೆ ಆದಾಯವಾದೀತು.

ತಿಮ್ಮಾಪುರದ ಆ ಅಜ್ಜಿಗೆ ವಯಸ್ಸಾಗಿದೆ. ಅವಳ ನಗೆಯು ಬೆಳಕಿನಲ್ಲಿ ಮೂಡಿದ ಒಂದು ಚಿತ್ರವಾಗಿ ಮನೆಯ ಗೋಡೆಯ ಮೇಲೆ ಉಳಿಯಬೇಕಾದರೆ ಮೊಮ್ಮಗಳು ಬೇಗ ಕಲಿಯಬೇಕು. ಕಲಿಸುವ ಏರ್ಪಾಡನ್ನು ಮಾಡಬೇಕಾದವರು ನಾವು.