ಜಮಾ ಇದ್ದಲ್ಲಿ ಖರ್ಚೂ ಇದೆ

ಕಳೆದ ಭಾನುವಾರ ಮೊಮ್ಮಗ ಮೊಬೈಲು ಹಿಡಿದು ಓಡಿಬಂದ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. "ತಾತ, ನಮ್ಮ ಹಳೇ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸೋಣ. ಅದರ ಪುಲ್ಲಿ ಚಿಕ್ಕದು ಮಾಡಿದ್ರೆ ಇನ್ನೂ ಪವರ್ ಬರುತ್ತೆ!" ಎಂದ.

"ಅದು ಫೋನಿಗೆ ಹಾಕೋದಲ್ವಾ?" ಎಂದಳು ಆರನೇ ಕ್ಲಾಸಿನ ಮೊಮ್ಮಗಳು.

ಅಲ್ಲ ಮಕ್ಕಳೇ. ಕಮ್ಮಾರ ತಿದಿ ಒತ್ತಿದರೆ ಗಾಳಿ ನುಗ್ಗಿ ಕೆಂಡ ಧಗಧಗ ಉರಿಯುತ್ತದೆಯಲ್ಲ, ಹಾಗೆ. ಎಂಜಿನ್ನಿನಲ್ಲಿ 1 ಗ್ರಾಂ ಪೆಟ್ರೋಲು ಚೆನ್ನಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸೂಪರ್‌ಚಾರ್ಜರ್ ಎಂಜಿನ್ನಿನ ಬಲದಿಂದಲೇ ತಿರುಗುತ್ತ ಹೆಚ್ಚು ಗಾಳಿಯನ್ನು ಒಳಗೆ ಒತ್ತುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಸಬಹುದು. ಪುಲ್ಲಿ ಚಿಕ್ಕದಾದರೆ ಅದು ಇನ್ನೂ ಜೋರಾಗಿ ತಿರುಗುತ್ತದೆ. ಹುಡುಗ ಹೇಳಿದ್ದು ಸರಿಯೇ.

ಆದರೆ ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. "ಜಮಾ ಆಯಿತು, ಖರ್ಚು ಎಲ್ಲಿ?" ಎಂದೆ. ಇಬ್ಬರೂ ಕೂತು ಬರೆದೆವು. ಒತ್ತಿದ ಗಾಳಿ ಬಿಸಿಯಾಗುತ್ತದೆ; ಸೈಕಲ್ ಪಂಪು ಹೊಡೆದು ಅದರ ತುದಿ ಮುಟ್ಟಿ ನೋಡಿ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಹೆಚ್ಚು ಪೆಟ್ರೋಲಿಗೆ ದೊಡ್ಡ ಇಂಜೆಕ್ಟರ್, ಜಾರದ ಬೆಲ್ಟು, ಒತ್ತಡ ತಾಳುವ ಪಿಸ್ಟನ್, ಕನೆಕ್ಟಿಂಗ್ ರಾಡು, ಗ್ಯಾಸ್ಕೆಟ್ಟು, ಜೊತೆಗೆ ಒಳ್ಳೆಯ ಬ್ರೇಕು. ಮೇಲಾಗಿ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌.ಸಿ.ಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ.

ದೊಡ್ಡವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಇಂಗ್ಲೆಂಡಿನ ಬೆಂಟ್ಲಿ ಕಾರಿಗೆ 1929ರಲ್ಲಿ ಸೂಪರ್‌ಚಾರ್ಜರ್ ಕೂಡಿಸಿದಾಗ 110 ಇದ್ದ ಅಶ್ವಶಕ್ತಿ 175 ಆಯಿತು. ಆದರೂ 1930ರ ಲೆ ಮಾನ್ 24 ಗಂಟೆಗಳ ಓಟದಲ್ಲಿ ಆ ಕಾರುಗಳು ಕೆಟ್ಟು ನಿಂತವು. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ, ಎಂಜಿನ್ನೇ ದೊಡ್ಡದಾಗಿದ್ದ ಇನ್ನೊಂದು ಬೆಂಟ್ಲಿ.

ಹುಡುಗನ ಮುಖ ಇನ್ನೂ ಒಪ್ಪಿರಲಿಲ್ಲ. ಆಗ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳಿದೆ.

1960ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಹಳಬರಿಗೆಲ್ಲ ನೆನಪಿರುತ್ತದೆ. ಕಿಕ್ಕರನ್ನೇ ಮಡಚಿ ಗೇರು ಮಾಡಿಕೊಳ್ಳುವ ಯೆಜ್ಡಿ! ಸಾಲ ಮಾಡಿ ನಾನೂ ಒಂದು ಕೊಂಡೆ. ಚೆನ್ನಾಗಿಯೇ ಓಡುತ್ತಿತ್ತು. ನನಗೆ ಸಾಲದು. ಯಾರೋ ಹೇಳಿದರೆಂದು ಸಿಲಿಂಡರ್ ಹೆಡ್ಡನ್ನು ಲೇತಿನಲ್ಲಿ ಹೆರೆಸಿ ಒತ್ತಡ ಏರಿಸಿದೆ. ಎರಡು ವಾರ ಗಾಡಿ ಹಾರಿತು. ಮೂರನೇ ವಾರ ತಂಗಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೊರಟಾಗ ಕಾವಿಗೆ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತೇಹೋಯಿತು. ತಂಗಿಯ ಮೊಣಕೈ ಮುರಿಯಿತು. ತಪ್ಪು ಗಾಡಿಯದಲ್ಲ, ನನ್ನದು. ಆದರೆ ಅಪ್ಪನಿಗೆ "ರಸ್ತೆಯಲ್ಲಿ ಗುಂಡಿ ಇತ್ತು" ಎಂದುಬಿಟ್ಟೆ. ಈಗಲೂ ಗೌರಿ ಹಬ್ಬಕ್ಕೆ ಅವಳು ಬಾಗಿನ ತೆಗೆದುಕೊಳ್ಳುವಾಗ ಆ ಕೈ ಪೂರ್ತಿ ಚಾಚುವುದಿಲ್ಲ.

"ಅಜ್ಜಿಗೆ ಹೇಳಿದ್ದೀರಾ ತಾತ?" ಎಂದಳು ಮೊಮ್ಮಗಳು.

ಅವತ್ತು ಸಂಜೆ ತಂಗಿಗೆ ಫೋನು ಮಾಡಿದೆ. ಅವಳು ನಕ್ಕಳು. "ಆ ಮೆಕ್ಯಾನಿಕ್ಕೇ ಆಗಲೇ ಹೇಳಿದ್ದ, ಬಿಡಣ್ಣ. ನೀನು ಯಾವಾಗ ಹೇಳ್ತೀಯ ಅಂತ ನೋಡ್ತಿದ್ದೆ."

ಮರುದಿನ ಮೊಮ್ಮಗ ಕಾರಿನ ಏರ್ ಫಿಲ್ಟರ್ ಬಿಚ್ಚಿದ. ಒಳಗೆ ಗೇಣುದ್ದ ಧೂಳು! ಹೊಸದು ಹಾಕಿ, ಟಯರಿಗೆ ಸರಿಯಾಗಿ ಗಾಳಿ ತುಂಬಿಸಿ ಎಲ್ಲರೂ ಚಾಮುಂಡಿ ಬೆಟ್ಟಕ್ಕೆ ಹೋದೆವು. ಹಳೇ ಕಾರು ಸಲೀಸಾಗಿ ಹತ್ತಿತು. ಹಿಂದಿನ ಸೀಟಿನಲ್ಲಿ ತಂಗಿಯೂ ಇದ್ದಳು.